ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್‌ಗೆ ಫೋನ್ ಕಂಟ್ರೋಲ್: ಆಲ್ದೂರು ಕಡೆಯ ಮನೆಯಲ್ಲಿ ಮಾಡಿದ ಕೆಲಸ

ಮಲೆನಾಡಿನಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆಲ್ಲ ಗೊತ್ತು, ಮಳೆಗಾಲ ಹಿಡಿಯಿತು ಅಂದರೆ ಅದು ಬರೀ ತಣ್ಣೀರಿನ ಟ್ಯಾಂಕು. ಬಿಸಿನೀರು ಬೇಕೇ ಬೇಕು ಅನ್ನುವ ತಿಂಗಳುಗಳಲ್ಲೇ ಬಿಸಿಲು ಇರುವುದಿಲ್ಲ. ಅದಕ್ಕಾಗಿಯೇ ಟ್ಯಾಂಕಿನೊಳಗೆ ಬ್ಯಾಕಪ್ ಅಂತ ಒಂದು ಕರೆಂಟ್ ಕಾಯಿಲ್ ಇರುತ್ತದೆ. ಆಲ್ದೂರು ಕಡೆ ಅಪ್ಪ, ಅಮ್ಮ ಇರುವ ಮನೆಯಲ್ಲೂ ಇದೆ. ತಾರಸಿ ಮೇಲೆ 200 ಲೀಟರ್ ಟ್ಯಾಂಕು, ಅದರೊಳಗೆ 2 ಕಿಲೋವ್ಯಾಟ್ ಕಾಯಿಲ್, ಕೆಳಗೆ ಬಚ್ಚಲುಮನೆ ಪಕ್ಕದ ಗೋಡೆಯಲ್ಲಿ ಅದರ ಸ್ವಿಚ್ಚು.

ಕಾಯಿಲ್ ಮೇಲೆ, ಸ್ವಿಚ್ಚು ಕೆಳಗೆ. ನೀರು ಎಷ್ಟು ಕಾದಿದೆ ಅಂತ ಕೆಳಗಿರುವವರಿಗೆ ಗೊತ್ತಾಗುವುದೇ ಇಲ್ಲ. ನಲ್ಲಿ ಬಿಟ್ಟು ಕೈ ಇಟ್ಟು ನೋಡಬೇಕು. ಸಂಜೆ ಹಾಕಿದ ಸ್ವಿಚ್ಚು ಎಷ್ಟೋ ಸಲ ಬೆಳಗಿನವರೆಗೂ ಹಾಗೇ ಇರುತ್ತಿತ್ತು. ನಾನು ಹಾಸನದಿಂದ ಫೋನ್ ಮಾಡಿ "ಅಮ್ಮ, ಹೀಟರ್ ಆಫ್ ಮಾಡಿದ್ಯಾ?" ಅಂತ ಕೇಳುವುದು ಮಳೆಗಾಲದ ಅಭ್ಯಾಸವೇ ಆಗಿಬಿಟ್ಟಿತ್ತು. ಇದು ಬರೀ ಮರೆವಿನ ಮಾತಲ್ಲ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಈ ಕಾಯಿಲ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಹಿಡಿತ ಇಲ್ಲದಿದ್ದರೆ ಇದೊಂದೇ ಸಾಕು ಗೆರೆ ದಾಟಿಸಲು.

ಚಳಿ ದೇಶಗಳಲ್ಲಿ ಸ್ಮಾರ್ಟ್ ಹೀಟಿಂಗ್ ಅಂದರೆ ಇಡೀ ಮನೆ ಬೆಚ್ಚಗಿಡುವ ಬಾಯ್ಲರ್, ಗೋಡೆ ಮೇಲೊಂದು ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿ ಆದರೆ ಆಫ್ ಮಾಡುವ ಸಾಧನ), ಅದನ್ನು ನಡೆಸಲು ಫೋನಿನಲ್ಲೊಂದು ಆ್ಯಪ್. ನಮಗೆ ಬೇಕಾಗಿರುವುದು ಬಿಸಿನೀರು. ಆದರೆ ಅವರ ಅನುಭವದಿಂದ ಕಲಿಯುವುದು ತುಂಬಾ ಇದೆ. ಇಂಥ ಥರ್ಮೋಸ್ಟಾಟ್ ಮಾಡುವ ನೆಸ್ಟ್ ಕಂಪನಿ 2014ರಲ್ಲಿ ಕೊಂಡ ರಿವಾಲ್ವ್ ಅನ್ನುವ ಹಬ್ (ಮನೆಯ ಸ್ಮಾರ್ಟ್ ಸಾಧನಗಳನ್ನು ಒಟ್ಟಿಗೆ ನಡೆಸುವ ಪೆಟ್ಟಿಗೆ) 2016ರ ಮೇ 15ಕ್ಕೆ ಪೂರ್ತಿ ನಿಂತುಹೋಯಿತು. ಸಾಧನ ಕೆಟ್ಟಿರಲಿಲ್ಲ, ಅದರ ಸರ್ವರ್ ಮುಚ್ಚಿದರು ಅಷ್ಟೇ. ನೆಸ್ಟ್‌ನ ಮೊದಲ ಎರಡು ತಲೆಮಾರಿನ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್ 25ರಿಂದ ಆ್ಯಪ್ ಸಂಪರ್ಕ ಇಲ್ಲ. ಗೋಡೆ ಮೇಲೆ ಕೈಯಿಂದ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತವೆ. ನಾನು ಗಮನಿಸಿದ್ದು ಈ ಕೊನೆಯ ಮಾತನ್ನು. ಕೈಯಿಂದ ತಿರುಗಿಸಲು ಏನೋ ಒಂದು ಇತ್ತು, ಅದಕ್ಕೇ ಅವು ಉಳಿದವು.

ಹಾಗಾಗಿ ನಮ್ಮ ಮನೆಯ ಕೆಲಸಕ್ಕೆ ಒಂದೇ ನಿಯಮ ಇಟ್ಟುಕೊಂಡೆ. ಆನ್, ಆಫ್ ತೀರ್ಮಾನ ಮನೆಯೊಳಗೇ ಆಗಬೇಕು. ಗಾಳಿ ಮಳೆಗೆ ಮರ ಬಿದ್ದು ಫೈಬರ್ ತುಂಡಾಗಿ ನೆಟ್ ವಾರಗಟ್ಟಲೆ ಬರದಿದ್ದರೂ ಅಮ್ಮನಿಗೆ ಬಿಸಿನೀರು ಸಿಗಬೇಕು, ಕಾಯಿಲ್ ತಾನಾಗಿ ಆಫ್ ಆಗಬೇಕು. ಹಾಸನದಲ್ಲಿ ಕೂತ ನನ್ನ ಫೋನು ಇದರಲ್ಲಿ ಕೊನೆಯ ಸಾಲಿನದು.

ಹಳೆಯ ವೈರಿಂಗ್

ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಹಳೆಯ ಸ್ವಿಚ್ ಬೋರ್ಡ್ ಬಿಚ್ಚಿದೆವು. ಊರಿನ ಎಲೆಕ್ಟ್ರಿಷಿಯನ್ ಅಣ್ಣ ಜೊತೆಗಿದ್ದರು. ಎಸ್ಟೇಟುಗಳ ಪಂಪ್‌ಸೆಟ್ ಪ್ಯಾನಲ್ ಕಟ್ಟುವುದರಲ್ಲಿ ಅವರ ಕೈ ಪಳಗಿದೆ. 230 ವೋಲ್ಟಿನ ಭಾಗ ಮುಟ್ಟುವ ಕೆಲಸಕ್ಕೆ ಲೈಸೆನ್ಸ್ ಇರುವವರು ಪಕ್ಕದಲ್ಲಿ ಇರಲೇಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಬೋರ್ಡಿನ ಹಿಂದೆ ಕಂಡದ್ದು: ಸ್ವಿಚ್ಚಿನ ಒಂದು ತುದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಸ್ಕ್ರೂ ಸಡಿಲ. ವೈರಿನ ತುದಿಯಲ್ಲಿ ಒಂದು ಇಂಚಿನಷ್ಟು ಇನ್ಸುಲೇಷನ್ ಗಟ್ಟಿಯಾಗಿ, ಬಗ್ಗಿಸಿದರೆ ಪುಡಿಪುಡಿ ಉದುರುತ್ತಿತ್ತು. ಒಳಗಿನ ತಾಮ್ರ ಕಪ್ಪು. 2 ಕಿಲೋವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 8.7 ಆಂಪ್. ಆದರೆ ಬಚ್ಚಲುಮನೆಯಿಂದ ತಾರಸಿಯವರೆಗೆ ಎಳೆದಿದ್ದದ್ದು ಲೈಟಿಗೆ ಹಾಕುವ ತೆಳು ವೈರು. ಗಂಟೆಗಟ್ಟಲೆ ಇಷ್ಟು ಲೋಡ್ ಎಳೆದರೆ ಮೊದಲು ಸುಡುವುದು ಇಂಥ ಸಡಿಲ ಜಾಯಿಂಟೇ. ಫೋನ್ ಕಂಟ್ರೋಲ್ ಮಾತು ಆಮೇಲೆ. ಎಷ್ಟೇ ಸ್ಮಾರ್ಟ್ ಸ್ವಿಚ್ ತಂದು ಈ ವೈರಿಗೆ ಹಾಕಿದ್ದರೂ, ಯಾರೂ ಎದುರಿಗಿಲ್ಲದಾಗ ಬೆಂಕಿ ಹಚ್ಚುವ ದಾರಿ ಮಾಡಿಕೊಟ್ಟ ಹಾಗೆ ಆಗುತ್ತಿತ್ತು.

ಮೇನ್ ಬೋರ್ಡಿನಿಂದಲೇ ಹೊಸದಾಗಿ 2.5 ಚದರ ಮಿ.ಮೀ. ತಾಮ್ರದ ವೈರು, ಜೊತೆಗೆ ಅದೇ ದಪ್ಪದ ಅರ್ಥಿಂಗ್ ವೈರು ಎಳೆದೆವು. ಲೋಡ್ ಮೀರಿದರೆ ಬೀಳುವ 16 ಆಂಪ್ ಡಬಲ್ ಪೋಲ್ ಎಂಸಿಬಿ, ಅದರ ಜೊತೆ ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿ. ಕಾಯಿಲ್‌ನ ಹೊದಿಕೆ ತೂತು ಬಿದ್ದು ನೀರಿಗೆ ಕರೆಂಟ್ ಬಂದರೆ ಕಾಪಾಡುವುದು ಈ ಆರ್‌ಸಿಸಿಬಿ ಮತ್ತು ಅರ್ಥಿಂಗ್. ಎಂಸಿಬಿ ಒಂದೇ ಇದ್ದರೆ ಅಷ್ಟು ಸಣ್ಣ ಲೀಕಿಗೆ ಅದು ಬೀಳುವುದೇ ಇಲ್ಲ.

ತಾರಸಿಯಲ್ಲಿ ಕಾಯಿಲ್‌ನ ಮುಚ್ಚಳ ತೆಗೆದರೆ ಒಳಗೆ ಕುಂಬಾರ ಹುಳದ ಮಣ್ಣಿನ ಗೂಡು. ಥರ್ಮೋಸ್ಟಾಟ್‌ನ ಟರ್ಮಿನಲ್‌ಗೆ ಸರಿಯಾಗಿ ಅಂಟಿಕೊಂಡಿತ್ತು. ಮಳೆಯ ತೇವ ಹಿಡಿದ ಮಣ್ಣು ಲೈವ್ ಟರ್ಮಿನಲ್ ಮೇಲೆ! ಬ್ರಷ್‌ನಿಂದ ಬಿಡಿಸಿ, ಒಣಗಿಸಿ, ವೈರ್ ಒಳಗೆ ಹೋಗುವ ತೂತಿಗೆ ರಬ್ಬರಿನ ಗ್ಲ್ಯಾಂಡ್ ಹಾಕಿದೆವು. ಹಳೆಯ ಥರ್ಮೋಸ್ಟಾಟ್ ಸರಿಯಾಗಿದೆ, ಅದನ್ನು ತೆಗೆದಿಲ್ಲ. ನನ್ನ ಸರ್ಕ್ಯೂಟ್ ಏನೇ ಹೇಳಲಿ, 60 ಡಿಗ್ರಿಗೆ ಕಡಿಯುವುದು ಆ ಥರ್ಮೋಸ್ಟಾಟೇ. ಎಲೆಕ್ಟ್ರಾನಿಕ್ಸ್ ಇದೆಯಲ್ಲ ಅಂತ ಥರ್ಮೋಸ್ಟಾಟ್ ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ಕಾಂಟ್ಯಾಕ್ಟರ್ ಮತ್ತು ಸಂಜೆಯ ವೋಲ್ಟೇಜ್

10 ಆಂಪ್ ಅಂತ ಬರೆದಿರುವ ಪುಟ್ಟ ವೈಫೈ ಸ್ವಿಚ್‌ಗಳು ಅಗ್ಗಕ್ಕೆ ಸಿಗುತ್ತವೆ. 8.7 ಆಂಪ್‌ಗೆ ಲೆಕ್ಕದಲ್ಲಿ ಸಾಕು, ನಿಜ. ಆದರೆ ಗಂಟೆಗಟ್ಟಲೆ ಓಡುವ ಹೀಟರ್‌ಗೆ ಅಷ್ಟು ಹತ್ತಿರದ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಸಣ್ಣ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಕಾಂಟ್ಯಾಕ್ಟರ್‌ನ, ಅಂದರೆ ಅಂಥದ್ದೇ ದೊಡ್ಡ ಸ್ವಿಚ್ಚಿನ, ಒಳಗಿನ ಮ್ಯಾಗ್ನೆಟ್ ಕಾಯಿಲ್ ಎಳೆಯಲಿ, ಹೀಟರ್‌ನ ಭಾರ 25 ಆಂಪ್ ಕಾಂಟ್ಯಾಕ್ಟರ್ ಹೊರಲಿ. ಪಂಪ್ ಸ್ಟಾರ್ಟರ್ ಒಳಗೆ ಇರುವುದೂ ಇದೇ ಏರ್ಪಾಡು. ಎರಡು ಪೋಲ್‌ನದನ್ನು ತಂದೆವು, ಆಫ್ ಆದಾಗ ಫೇಸ್, ನ್ಯೂಟ್ರಲ್ ಎರಡೂ ಬಿಡಬೇಕು ಅಂತ. ತಾರಸಿಗೆ ಹೋಗುವ ವೈರು ಸಿಡಿಲಿಗೆ ಒಳ್ಳೆ ದಾರಿ, ಬಳಸದ ಹೊತ್ತಲ್ಲಿ ಅದು ಮನೆಯ ವೈರಿಂಗ್‌ನಿಂದ ಪೂರ್ತಿ ಬೇರೆ ಇರುವುದು ಒಳ್ಳೆಯದು ಅಲ್ವಾ?

ಚಿಕ್ಕಮಗಳೂರಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 230 ವೋಲ್ಟ್ ಎಸಿ ಕಾಯಿಲ್‌ನ ಕಾಂಟ್ಯಾಕ್ಟರ್. ಮೊದಲು ಅದನ್ನೇ ಹಾಕಿ ನೋಡಿದೆವು. ಮಧ್ಯಾಹ್ನ ಗಟ್ಟಿಯಾಗಿ ಕೂತಿತು. ಸಂಜೆ ಏಳರ ಹೊತ್ತಿಗೆ ಬಾಕ್ಸಿನಿಂದ ಗರಗರ ಸದ್ದು. ಮೀಟರ್ ಇಟ್ಟರೆ ವೋಲ್ಟೇಜ್ 180ರ ಆಸುಪಾಸು. ಸಾಮಾನ್ಯವಾಗಿ ಕಾಂಟ್ಯಾಕ್ಟರ್‌ಗೆ ಹೇಳಿದ ವೋಲ್ಟೇಜಿನ 85 ಶೇಕಡಾ ಇದ್ದರೆ ಮಾತ್ರ ಅದು ಎಳೆದುಕೊಳ್ಳುವ ಖಾತ್ರಿ. 230ಕ್ಕೆ ಅದು 195 ವೋಲ್ಟ್. 180ರಲ್ಲಿ ಕೂರುವುದೂ ಇಲ್ಲ, ಬಿಡುವುದೂ ಇಲ್ಲ. ಹಾಗೆ ನಡುಗುತ್ತಾ ಇದ್ದರೆ ಕಾಂಟ್ಯಾಕ್ಟ್‌ಗಳ ನಡುವೆ ಕಿಡಿ ಹಾರಿ ಅವು ಸುಡುತ್ತವೆ, ಕೊನೆಗೆ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ. ಆಮೇಲೆ ಫೋನಿನಲ್ಲಿ ಆಫ್ ಅಂದರೂ ಹೀಟರ್ ಆಫ್ ಆಗುವುದಿಲ್ಲ. ಹಳ್ಳಿ ಕಡೆ ಸ್ಮಾರ್ಟ್ ಸಾಧನ ಹಾಕುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಮಧ್ಯಾಹ್ನದ ವೋಲ್ಟೇಜ್ ನಂಬಬಾರದು.

ಪರಿಹಾರ ಸರಳ. 24 ವೋಲ್ಟ್ ಡಿಸಿ ಕಾಯಿಲ್‌ನ ಕಾಂಟ್ಯಾಕ್ಟರ್, ಅದಕ್ಕೊಂದು 24 ವೋಲ್ಟ್ ಎಸ್‌ಎಂಪಿಎಸ್. ಈ ಪವರ್ ಸಪ್ಲೈ 85ರಿಂದ 264 ವೋಲ್ಟ್‌ವರೆಗೆ ಏನು ಬಂದರೂ 24 ಕೊಡುತ್ತದೆ. ಹಾಗಾಗಿ 180ರಲ್ಲೂ ಕಾಂಟ್ಯಾಕ್ಟರ್ ಟಕ್ ಅಂತ ಕೂತರೆ ಕೂತಿತು. ಅದೇ 24 ವೋಲ್ಟನ್ನು ಒಂದು ಬಕ್ ಮಾಡ್ಯೂಲ್‌ನಿಂದ 5ಕ್ಕೆ ಇಳಿಸಿ ಕಂಟ್ರೋಲರ್‌ಗೆ ಕೊಟ್ಟಿದ್ದೇನೆ. ಡಿಸಿ ಕಾಯಿಲ್ ಬಿಡುವಾಗ ಉಲ್ಟಾ ವೋಲ್ಟೇಜ್ ಚಿಮ್ಮುತ್ತದೆ, ಅದು ಕಂಟ್ರೋಲರನ್ನು ರೀಸೆಟ್ ಮಾಡಿಬಿಡಬಹುದು. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿದರೆ ಸಾಕು.

ಕಂಟ್ರೋಲರ್ ಅಂದರೆ ಇಎಸ್‌ಪಿ 8266 ಅನ್ನುವ ವೈಫೈ ಚಿಪ್ಪು, ಅದರೊಳಗೆ ಅದನ್ನು ನಡೆಸುವ ಟಾಸ್ಮೋಟಾ ಸಾಫ್ಟ್‌ವೇರ್. ರಿಲೇಗೆ ಜಿಪಿಐಒ 5 (ಚಿಪ್ಪಿನ ಒಂದು ಪಿನ್) ಬಳಸಿದೆ. 0, 2, 15 ಇವು ಚಿಪ್ ಎದ್ದೇಳುವಾಗ ತಮ್ಮದೇ ಕೆಲಸದಲ್ಲಿರುವ ಪಿನ್‌ಗಳು. ಕರೆಂಟ್ ಹೋಗಿ ಬಂದಾಗಲೆಲ್ಲ ಹೀಟರ್ ಒಂದು ಕ್ಷಣ ಮಿನುಗುವುದು ಬೇಡ.

ಬಾಕ್ಸಿನ ಮುಂದೆ ಮೂರು ಸ್ಥಾನದ ತಿರುಗುವ ಸ್ವಿಚ್ಚು: ಆಟೋ, ಆಫ್, ಮ್ಯಾನುಯಲ್. ಇದು ಎಲೆಕ್ಟ್ರಿಷಿಯನ್ ಅಣ್ಣನ ಸಲಹೆ, ಪಂಪ್ ಪ್ಯಾನಲ್‌ಗೆ ಹಾಕುವಂಥದ್ದೇ. ಮ್ಯಾನುಯಲ್‌ಗೆ ತಿರುಗಿಸಿದರೆ 24 ವೋಲ್ಟ್ ನೇರ ಕಾಂಟ್ಯಾಕ್ಟರ್‌ಗೆ ಹೋಗುತ್ತದೆ, ನನ್ನ ಚಿಪ್ಪು, ವೈಫೈ ಯಾವುದೂ ನಡುವೆ ಇಲ್ಲ. ಅಡುಗೆಮನೆಯಲ್ಲಿ ಅಮ್ಮನ ಕಣ್ಣಿಗೆ ಬೀಳುವ ಕಡೆ ಒಂದು ಕೆಂಪು ದೀಪ, ಅದರ ಪಕ್ಕ ಒಂದು ಬೆಲ್ ಪುಶ್. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ದೀಪ ಉರಿಯುವುದು ಕಾಂಟ್ಯಾಕ್ಟರ್‌ನ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ (ಅದರ ಜೊತೆಗೇ ಕೂತು ಏಳುವ ಸಣ್ಣ ಸ್ವಿಚ್ಚು). ಅದೇ ಸುದ್ದಿ ಕಂಟ್ರೋಲರ್‌ಗೂ ಹೋಗುತ್ತದೆ. ಅಂದರೆ ನನ್ನ ಫೋನಿನಲ್ಲಿ ಕಾಣುವುದು "ಆನ್ ಮಾಡು ಅಂತ ಹೇಳಿದೆ" ಅನ್ನುವುದಲ್ಲ, "ಕಾಂಟ್ಯಾಕ್ಟರ್ ಈಗ ನಿಜಕ್ಕೂ ಕೂತಿದೆ" ಅನ್ನುವುದು. ದೂರದಿಂದ ನೋಡುವವರಿಗೆ ಈ ಎರಡರ ವ್ಯತ್ಯಾಸ ತುಂಬಾ ದೊಡ್ಡದು.

ಅಪ್ಪ ಬಾಕ್ಸ್ ನೋಡಿ, "ಇದು ನಮ್ಮ ಹೊಳೆ ಪಂಪಿನ ಮೊಬೈಲ್ ಸ್ಟಾರ್ಟರ್ ಇದ್ದ ಹಾಗೇ ಅಲ್ವೇನೇ ಮಾರಾಯ್ತಿ" ಅಂದರು. ಹೌದು, ಅದೇ. ತೋಟದ ಪಂಪನ್ನು ಫೋನಿನಿಂದ ಓಡಿಸುವುದು ನಮ್ಮ ರೈತರಿಗೆ ಹೊಸದೇನಲ್ಲ. ಅವರಿಗೆ ನಾನು ಬೇರೆ ಏನೂ ವಿವರಿಸಬೇಕಾಗಲಿಲ್ಲ.

ನೀರು ಎಷ್ಟು ಕಾದಿದೆ?

ಟ್ಯಾಂಕಿನ ಪಕ್ಕದಲ್ಲಿ, ಕಾಯಿಲ್‌ಗಿಂತ ಮೇಲೆ, ಅರ್ಧ ಇಂಚಿನ ಒಂದು ಸಾಕೆಟ್ಟು ಪ್ಲಗ್ ಹಾಕಿ ಬಿಟ್ಟಿದ್ದರು. ನೀರು ಇಳಿಸಿ, ಪ್ಲಗ್ ತೆಗೆದು, ಹಿತ್ತಾಳೆಯ ಥರ್ಮೋವೆಲ್ ಕೂರಿಸಿದೆವು. ಒಂದು ಕಡೆ ಮುಚ್ಚಿದ ಕೊಳವೆ ಅದು. ಅದರೊಳಗೆ ಥರ್ಮಲ್ ಪೇಸ್ಟ್ ಹಚ್ಚಿ ಡಿಎಸ್18ಬಿ20 ಅನ್ನುವ ತಾಪಮಾನದ ಸೆನ್ಸರ್ ತಳ್ಳಿದೆ. ಸಾಕೆಟ್ ಇಲ್ಲದ ಟ್ಯಾಂಕುಗಳಿಗೆ ಏರ್‌ವೆಂಟ್ ಪೈಪಿನೊಳಗೆ ಸೆನ್ಸರ್ ಇಳಿಬಿಡುವವರನ್ನು ನೋಡಿದ್ದೇನೆ. ಅದು ಅಪಾಯ. ಟ್ಯಾಂಕು ಉಸಿರಾಡುವುದೇ ಆ ಪೈಪಿನಲ್ಲಿ. ಅದು ಕಟ್ಟಿಕೊಂಡರೆ ಬಿಸಿಯಾದಾಗ ಒತ್ತಡ, ನೀರು ಇಳಿದಾಗ ನಿರ್ವಾತ, ಎರಡೂ ಟ್ಯಾಂಕನ್ನು ಹಾಳು ಮಾಡುತ್ತವೆ. ಸಾಕೆಟ್ ಇಲ್ಲದಿದ್ದರೆ ಬಿಸಿನೀರು ಹೊರಬರುವ ಲೋಹದ ಪೈಪಿಗೆ, ಟ್ಯಾಂಕಿಗೆ ಅಂಟಿದ ಜಾಗದಲ್ಲೇ, ಸೆನ್ಸರ್ ಕಟ್ಟಿ ಮೇಲೆ ಇನ್ಸುಲೇಷನ್ ಸುತ್ತಿ. ಸ್ವಲ್ಪ ತಡವಾಗಿ ತೋರಿಸುತ್ತದೆ, ಪರವಾಗಿಲ್ಲ.

ಸೆನ್ಸರ್‌ನಿಂದ ಕೆಳಗಿನ ಬಾಕ್ಸಿಗೆ ವೈರು ಎಳೆಯುವುದು ಸುಲಭವಿತ್ತು. ಬೇಡ ಅಂತ ಬಿಟ್ಟೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗೊತ್ತಲ್ಲ. ತಾರಸಿಯಿಂದ ಬರುವ ಉದ್ದನೆಯ ಸಣ್ಣ ವೈರು ಸಿಡಿಲಿನ ಏಟನ್ನು ನೇರ ಕಂಟ್ರೋಲರ್‌ಗೆ ತಂದುಕೊಡುತ್ತದೆ. ಅದರ ಬದಲು ತಾರಸಿಯಲ್ಲೇ ಇನ್ನೊಂದು ಇಎಸ್‌ಪಿ 8266, ಬ್ಯಾಟರಿ ಮೇಲೆ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಅಳೆದು, ವೈಫೈನಲ್ಲಿ ಕಳಿಸಿ ಮಲಗುತ್ತದೆ. ಎದ್ದಿರುವುದು ಸುಮಾರು 3 ಸೆಕೆಂಡ್, ಆಗ 80 ಮಿಲಿಆಂಪ್. ಮಲಗಿದಾಗ 20 ಮೈಕ್ರೊಆಂಪ್. ಸರಾಸರಿ 0.42 ಮಿಲಿಆಂಪ್. 1500 ಮಿಲಿಆಂಪ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿದರೆ ಲೆಕ್ಕದಲ್ಲಿ ನಾಲ್ಕೂವರೆ ತಿಂಗಳಿಗೂ ಜಾಸ್ತಿ, ಅಂದರೆ ಇಡೀ ಮಳೆಗಾಲ. ಈ ಸೆಲ್ಲಿನ ಗುಣ ಏನೆಂದರೆ ಅದರ ವೋಲ್ಟೇಜ್ ಬಹುಕಾಲ 3.2ರಲ್ಲೇ ನಿಲ್ಲುತ್ತದೆ, ಪೂರ್ತಿ ಚಾರ್ಜ್ ಆದಾಗ 3.6. ಚಿಪ್ಪಿನ ಮಿತಿಯೂ 3.6. ಹಾಗಾಗಿ ನಡುವೆ ರೆಗ್ಯುಲೇಟರ್ ಬೇಡ. ಯುಎಸ್‌ಬಿ ಇರುವ ಬೋರ್ಡ್ ಇದಕ್ಕೆ ಆಗುವುದಿಲ್ಲ, ಅದರ ಮೇಲಿನ ಬೇರೆ ಚಿಪ್ಪುಗಳೇ ಬ್ಯಾಟರಿ ತಿಂದುಹಾಕುತ್ತವೆ. ಬರೀ ಇಎಸ್‌ಪಿ-12ಎಫ್ ತೆಗೆದುಕೊಳ್ಳಬೇಕು. ಜಿಪಿಐಒ 16ನ್ನು ರೀಸೆಟ್ ಪಿನ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಮಲಗಿದ್ದು ಏಳುವುದೇ ಇಲ್ಲ.

ಶುರುವಿನಲ್ಲಿ ಆಗಾಗ 85 ಡಿಗ್ರಿ ಅಂತ ಬರುತ್ತಿತ್ತು. ಇದು ಡಿಎಸ್18ಬಿ20ಯ ಗುಣ. ಪವರ್ ಸಿಕ್ಕ ಕೂಡಲೇ ಅದರ ರಿಜಿಸ್ಟರ್‌ನಲ್ಲಿ ಇರುವ ಅಂಕಿಯೇ 85. ಅಳತೆ ಮುಗಿಯಲು 750 ಮಿಲಿಸೆಕೆಂಡ್ ಬೇಕು, ಅದಕ್ಕೆ ಮೊದಲೇ ಓದಿದರೆ 85 ಸಿಗುತ್ತದೆ. ಕೆಲವರು 85 ಬಂದರೆ ಎಸೆದುಬಿಡಿ ಅನ್ನುತ್ತಾರೆ. ಆದರೆ ಮಾರ್ಚ್ ಬಿಸಿಲಿಗೆ ಸೋಲಾರ್ ಟ್ಯಾಂಕು ನಿಜವಾಗಿಯೂ ಆ ಹತ್ತಿರಕ್ಕೆ ಹೋಗಬಹುದು! ಅದಕ್ಕೆ ಕಾಯುವ ಸಮಯ ಪೂರ್ತಿ ಕೊಟ್ಟು ಓದುವುದೇ ಸರಿ. ಮೈನಸ್ 127 ಬಂದರೆ ಮಾತ್ರ ವೈರು ಬಿಟ್ಟಿದೆ ಅಂತ ಅರ್ಥ, ಅದನ್ನು ಎಸೆಯಿರಿ.

ಸಮಯದ ಲೆಕ್ಕ

ಕಾಯಿಲ್ ಟ್ಯಾಂಕಿನ ನಡುವೆ ಇದೆ. ಕಾದ ನೀರು ಮೇಲೇರುವುದರಿಂದ ಮೇಲಿನ ಅರ್ಧ, ಸುಮಾರು 100 ಲೀಟರ್ ಮಾತ್ರ ಕಾಯುತ್ತದೆ. 100 ಲೀಟರನ್ನು 20 ಡಿಗ್ರಿಯಿಂದ 45ಕ್ಕೆ ತರಲು 2.9 ಯೂನಿಟ್ ಬೇಕು. 230 ವೋಲ್ಟ್ ಇದ್ದರೆ ಒಂದೂವರೆ ಗಂಟೆ. ಆದರೆ ವೋಲ್ಟೇಜ್ 180 ಆದರೆ ಅದೇ ಕಾಯಿಲ್ ಕೊಡುವುದು ಬರೀ 1.2 ಕಿಲೋವ್ಯಾಟ್, ಯಾಕೆಂದರೆ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಆಗ ಹೆಚ್ಚುಕಡಿಮೆ ಎರಡೂವರೆ ಗಂಟೆ. ಗಡಿಯಾರ ನೋಡಿ ಹೀಟರ್ ನಡೆಸಿದರೆ ಒಂದು ದಿನ ಸುಡುನೀರು, ಒಂದು ದಿನ ಉಗುರು ಬೆಚ್ಚಗೆ ಆಗುವುದು ಇದಕ್ಕೇ.

ಹಾಗಾಗಿ ಆಫ್ ಮಾಡುವುದು ತಾಪಮಾನ ನೋಡಿ, ಸಮಯ ಬರೀ ಕಾವಲಿಗೆ. ಟಾಸ್ಮೋಟಾದಲ್ಲಿ ಪಲ್ಸ್‌ಟೈಮ್ 9100 ಅಂತ ಕೊಟ್ಟಿದ್ದೇನೆ. ಸೆಕೆಂಡಿಗೆ 100 ಸೇರಿಸಿ ಬರೆಯುವುದು ಅದರ ಪದ್ಧತಿ, ಅಂದರೆ 9000 ಸೆಕೆಂಡ್, ಎರಡೂವರೆ ಗಂಟೆ. ಯಾರೇ ಆನ್ ಮಾಡಲಿ, ಫೋನಿನಿಂದಲೋ ಬೆಲ್ ಪುಶ್ಶಿನಿಂದಲೋ, ಅಷ್ಟು ಹೊತ್ತಿಗೆ ತಾನೇ ಆಫ್. ಈ ಲೆಕ್ಕ ಆ ಚಿಪ್ಪಿನೊಳಗೇ ಇದೆ, ಬೇರೆ ಯಾವ ಕಂಪ್ಯೂಟರಿನ ಹಂಗೂ ಇಲ್ಲ. ಪವರ್‌ಆನ್‌ಸ್ಟೇಟ್ 0. ಕರೆಂಟ್ ಹೋಗಿ ಬಂದರೆ ಹೀಟರ್ ಆಫ್ ಆಗಿಯೇ ಏಳಬೇಕು.

ಉಳಿದ ಬುದ್ಧಿ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಮನೆಯಲ್ಲೇ ಇರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ, ಇನ್ವರ್ಟರ್ ಲೈನಿನಲ್ಲಿ. ಬೆಳಗ್ಗೆ ಐದಕ್ಕೆ ನೀರು 42ಕ್ಕಿಂತ ಕಮ್ಮಿ ಇದ್ದರೆ ಆನ್, 48 ಮುಟ್ಟಿದರೆ ಆಫ್. ಬಿಸಿಲು ಬಂದ ದಿನ ಅದು ಸುಮ್ನೆ ಇರುತ್ತದೆ. ತಾರಸಿಯ ಸೆನ್ಸರ್ ಅರ್ಧ ಗಂಟೆ ಮಾತಾಡದಿದ್ದರೆ ಆಟೋ ಕೆಲಸ ನಿಲ್ಲುತ್ತದೆ, ಆದರೆ ಬೆಲ್ ಪುಶ್ ನಡೆಯುತ್ತದೆ. ವಾರಕ್ಕೊಮ್ಮೆ ಮಾತ್ರ 60ರವರೆಗೆ ಕಾಯಿಸುತ್ತೇನೆ. ದಿನಗಟ್ಟಲೆ ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಯಸ್ಸಾದವರ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಆ ದಿನ ಅಮ್ಮನ ಫೋನಿಗೆ "ನೀರು ತುಂಬಾ ಬಿಸಿ, ತಣ್ಣೀರು ಮೊದಲು ಬಿಡಿ" ಅಂತ ಸಂದೇಶ ಹೋಗುತ್ತದೆ.

ಇವೆಲ್ಲ ಒಂದಕ್ಕೊಂದು ಮಾತಾಡುವುದು ಎಂಕ್ಯೂಟಿಟಿ ಅನ್ನುವ ಸಂದೇಶ ಪದ್ಧತಿಯಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಣ್ಣೆ ಪೈಪ್‌ಲೈನ್‌ಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರಿಸಲು ಮಾಡಿದ ಏರ್ಪಾಡು ಅದು. ನೆಟ್ಟಗಿಲ್ಲದ ಲೈನಿಗೆ ಅಂತಲೇ ಹುಟ್ಟಿದ್ದು, ನಮ್ಮ ಕಡೆಗೆ ಚೆನ್ನಾಗಿ ಒಗ್ಗುತ್ತದೆ. ಹಾಸನದಿಂದ ನೋಡಲು ಟೈಲ್‌ಸ್ಕೇಲ್ (ನನ್ನ ಫೋನಿಗೂ ಮನೆಗೂ ನಡುವೆ ಖಾಸಗಿ ದಾರಿ ಮಾಡುವ ಸಾಫ್ಟ್‌ವೇರ್) ಹಾಕಿದೆ, ರೂಟರ್‌ನಲ್ಲಿ ಹೊರಗಿನವರು ಒಳಬರುವ ಯಾವ ಪೋರ್ಟೂ ತೆರೆದಿಲ್ಲ.

ಅಪ್ಪನ ಕೋಣೆಯ ರೂಮ್ ಹೀಟರನ್ನೂ ಸೇರಿಸು ಅಂತ ತಮ್ಮ ಕೇಳಿದ. ಸೇರಿಸಲಿಲ್ಲ, ಸೇರಿಸುವುದೂ ಇಲ್ಲ. ಮಳೆಗಾಲದಲ್ಲಿ ಒಣಗದ ಬಟ್ಟೆ ಎಲ್ಲಿ ಹೋಗುತ್ತದೆ ಅಂತ ಮಲೆನಾಡಿನ ಯಾವ ಮನೆಯಲ್ಲಾದರೂ ನೋಡಿ. ಹೀಟರ್ ಆಫ್ ಇದೆ ಅಂತ ಅದರ ಮೇಲೆ ಟವೆಲ್ ಹಾಕಿರುತ್ತಾರೆ. ಹಾಸನದಲ್ಲಿ ಕೂತು ನಾನು ಆನ್ ಒತ್ತಿದರೆ? ನೀರಿನ ಕಾಯಿಲ್ ಮುಚ್ಚಿದ ಟ್ಯಾಂಕಿನಲ್ಲಿ ನೀರಲ್ಲಿ ಮುಳುಗಿರುತ್ತದೆ, ಕೋಣೆಯ ಹೀಟರ್ ಜನರ ನಡುವೆ ಇರುತ್ತದೆ. ಅದನ್ನು ಹಾಕುವವರು ಅದನ್ನು ಕಣ್ಣಲ್ಲಿ ನೋಡುತ್ತಿರಬೇಕು. ಆ ಕೋಣೆಗೆ ಒಂದು ಥರ್ಮಾಮೀಟರ್ ಮಾತ್ರ ಇಟ್ಟಿದ್ದೇನೆ. 18 ಡಿಗ್ರಿಗಿಂತ ಕೆಳಗೆ ಹೋದರೆ ನನಗೆ ತಿಳಿಯುತ್ತದೆ, ನಾನು ಫೋನ್ ಮಾಡುತ್ತೇನೆ, ಅಪ್ಪ ಎದ್ದು ಹಾಕಿಕೊಳ್ಳುತ್ತಾರೆ.

ಹಂಡೆ ಒಲೆಯನ್ನೂ ತೆಗೆದಿಲ್ಲ. ದೊಡ್ಡ ಗಾಳಿಗೆ ಕಂಬ ಬಿದ್ದು ಕರೆಂಟೇ ಇಲ್ಲದ ದಿನಗಳಿಗೆ ಅದೇ ಆಸರೆ. ಬಾಕ್ಸಿನ ಬಾಗಿಲ ಒಳಗೆ ವೈರಿಂಗ್ ಚಿತ್ರ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿದ್ದೇನೆ, ಪಕ್ಕದಲ್ಲಿ ಒಂದು ಹೆಚ್ಚುವರಿ ಎಸ್‌ಎಂಪಿಎಸ್ ಇದೆ. ಅದು ಸತ್ತರೆ ಮ್ಯಾನುಯಲ್ ಕೂಡ ನಡೆಯುವುದಿಲ್ಲ, ಮತ್ತು ಸಿಡಿಲಿಗೆ ಮೊದಲು ಸಾಯುವುದೂ ಅದೇ. ಬಾಕಿ ಇರುವುದು ಅರ್ಥಿಂಗ್ ಗುಂಡಿ. ಈಗಿರುವುದು ಹಳೆಯದು. ಮಳೆಗಾಲದಲ್ಲಿ ನೆಲ ನೆಂದಿದ್ದಾಗ ಅಳೆದರೆ ಎಲ್ಲ ಗುಂಡಿಯೂ ಚೆನ್ನಾಗಿಯೇ ತೋರಿಸುತ್ತದೆ, ಹಾಗಾಗಿ ಫೆಬ್ರವರಿಯಲ್ಲಿ ನೆಲ ಒಣಗಿದ ಮೇಲೆ ಅಳೆಯುತ್ತೇವೆ. ಓಮ್ (ಕರೆಂಟ್ ನೆಲಕ್ಕಿಳಿಯಲು ಇರುವ ತಡೆ) ಜಾಸ್ತಿ ಬಂದರೆ ಏಪ್ರಿಲ್ ಗುಡುಗಿಗೆ ಮುಂಚೆ ಹೊಸ ಗುಂಡಿ ತೋಡಿಸಿ, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು.